ಮಗನಿಗೆ ಕೊಟ್ಟ ಸ್ಟಿರಾಯ್ಡ್ ಅತ್ತೆಗೂ ಕೊಡಬಹುದಾ?

ಪ್ರಶ್ನೆ: ಡಾಕ್ಟರ್, ನಮ್ಮದು ಮಾದಾಪುರದ ಹತ್ತಿರ ಕಾಫಿ ತೋಟ. ಕಳೆದ ಹುತ್ತರಿ ಮುಗಿದು ಹದಿನೈದು ದಿನಕ್ಕೆ ನನ್ನ ಮಗನಿಗೆ ಫಿಟ್ಸ್ ಬಂತು. ಅವನಿಗೆ 13 ವರ್ಷ. ಮೊದಲು ಬಲಗೈ ಎಳೆಯಿತು, ಆಮೇಲೆ ಇಡೀ ಮೈ. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಮೆದುಳಿನಲ್ಲಿ ಹುಳದ ಗುಳ್ಳೆ ಇದೆ, ಅದರ ಸುತ್ತ ಉರಿಯೂತ ಇದೆ ಎಂದರು. ಫಿಟ್ಸ್ ಮಾತ್ರೆ, ಹುಳದ ಮಾತ್ರೆ, ಜೊತೆಗೆ ಸ್ವಲ್ಪ ದಿನ ಸ್ಟಿರಾಯ್ಡ್ ಕೊಟ್ಟರು. ಎಂಟು ತಿಂಗಳಾಯಿತು, ಮತ್ತೆ ಬಂದಿಲ್ಲ. ನಮ್ಮ ಅತ್ತೆಗೆ 76. ಮೂರು ವರ್ಷದಿಂದ ಮರೆವು. ಆಲ್ಝೈಮರ್ ಎಂದಿದ್ದಾರೆ. ಅವರನ್ನು ನೋಡುವ ಡಾಕ್ಟರು ‘ಇದರಲ್ಲೂ ಮೆದುಳಿನ ಉರಿಯೂತದ ಪಾತ್ರ ಇದೆ’ ಎಂದರು. ಹಾಗಾದರೆ ಇಬ್ಬರದ್ದೂ ಒಂದೇ ಕಾಯಿಲೆನಾ? ವಂಶದಲ್ಲಿ ಬಂದದ್ದಾ? ಮಗನಿಗೆ ಗುಣವಾದ ಸ್ಟಿರಾಯ್ಡ್ ಅತ್ತೆಗೂ ಕೊಡಬಹುದಲ್ವಾ? ನೆಂಟರು ಹಂದಿ ಮಾಂಸ ಬಿಡಿ ಅನ್ನುತ್ತಾರೆ. ಇನ್ನೊಬ್ಬರು ಇಬ್ಬರಿಗೂ ಅರಿಶಿನದ ಕ್ಯಾಪ್ಸೂಲ್ ಕೊಡಿ ಅನ್ನುತ್ತಾರೆ. ಮಗನ ಮಾತ್ರೆ ಇನ್ನು ನಿಲ್ಲಿಸಬಹುದಾ?

ಉತ್ತರ: ಅತ್ತೆಗೆ ಕೊಡಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮಗನಿಗೆ ಕೊಟ್ಟು ಉಳಿದ ಮಾತ್ರೆ ಮನೆಯ ಡಬ್ಬಿಯಲ್ಲೇ ಇರುತ್ತದೆ, ಅತ್ತೆಯೂ ಅದೇ ಮನೆಯಲ್ಲಿ ಇರುತ್ತಾರೆ. ಒಂದು ವಾರ ಕೊಟ್ಟು ನೋಡೋಣ ಅನ್ನಿಸುವುದು ಸಹಜ. ಆ ಸ್ಟ್ರಿಪ್ ಇದ್ದರೆ ಇವತ್ತೇ ತೆಗೆದುಬಿಡಿ.

ಹಾಗೆಂದು ನಿಮ್ಮದು ದಡ್ಡ ಪ್ರಶ್ನೆಯೇನಲ್ಲ. ದೊಡ್ಡ ದೊಡ್ಡ ವೈದ್ಯರೂ ಇದನ್ನೇ ಕೇಳಿದ್ದರು. ಅಮೆರಿಕದಲ್ಲಿ 138 ಆಲ್ಝೈಮರ್ ರೋಗಿಗಳನ್ನು ಸೇರಿಸಿ, ಅರ್ಧ ಜನಕ್ಕೆ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಒಳಗೆ ಮದ್ದಿಲ್ಲದ ಮಾತ್ರೆ ಕೊಟ್ಟು ಒಂದು ವರ್ಷ ಗಮನಿಸಿದರು. 2000ದಲ್ಲಿ ಫಲಿತಾಂಶ ಹೊರಬಂತು. ಮರೆವಿನ ವೇಗ ಒಂಚೂರೂ ಕಡಿಮೆಯಾಗಿರಲಿಲ್ಲ. ಸ್ಟಿರಾಯ್ಡ್ ತೆಗೆದುಕೊಂಡವರ ನಡವಳಿಕೆ ಇನ್ನೂ ಜಾಸ್ತಿ ಕೆಟ್ಟಿತ್ತು.

ಮೊಮ್ಮಗನಿಗೆ ಒಗ್ಗಿದ ಮದ್ದು ಅಜ್ಜಿಗೆ ಯಾಕೆ ಒಗ್ಗುವುದಿಲ್ಲ? ಡಾಕ್ಟರುಗಳು ಇಬ್ಬರಿಗೂ ‘ಉರಿಯೂತ’ ಎಂಬ ಒಂದೇ ಶಬ್ದ ಬಳಸಿದ್ದಾರೆ. ತಪ್ಪೇನಿಲ್ಲ. ಆದರೆ ತೋಟಕ್ಕೆ ಬಿದ್ದ ಬೆಂಕಿಯೂ ಬೆಂಕಿಯೇ, ಬಚ್ಚಲ ಒಲೆಯಲ್ಲಿ ಬೂದಿ ಮುಚ್ಚಿಕೊಂಡ ಕೆಂಡವೂ ಬೆಂಕಿಯೇ. ಎರಡಕ್ಕೂ ಒಂದೇ ಕೊಡ ನೀರು ಎನ್ನಲು ಆಗುವುದಿಲ್ಲ.

ಕೈಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ. ರಕ್ತದಿಂದ ಕಾವಲು ಕೋಶಗಳು ಅಲ್ಲಿಗೆ ನುಗ್ಗಿ ಕೆಲಸ ಮಾಡುತ್ತಿವೆ ಎಂದರ್ಥ. ಇದೇ ಉರಿಯೂತ. ಮೆದುಳಿನಲ್ಲೂ ಇದು ನಡೆಯುತ್ತದೆ, ಆದರೆ ಎರಡು ತೊಡಕು. ಒಂದು, ಮೆದುಳು ತಲೆಬುರುಡೆಯ ಒಳಗಿದೆ. ಊದಿಕೊಳ್ಳಲು ಜಾಗ ಇಲ್ಲ. ಇನ್ನೊಂದು, ಮೆದುಳಿಗೆ ಸ್ವಂತ ನೋವಿಲ್ಲ. ಹಾಗಾಗಿ ಒಳಗೆ ಸಣ್ಣಗೆ ಉರಿಯುತ್ತಿದ್ದರೂ ಮನುಷ್ಯನಿಗೆ ಗೊತ್ತಾಗುವುದೇ ಇಲ್ಲ.

ಮೆದುಳಿಗೆ ತನ್ನದೇ ಕಾವಲಿನವರಿದ್ದಾರೆ. ಅವರ ಹೆಸರು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನ್ ದೇಶದ ಪಿಯೊ ದೆಲ್ ರಿಯೊ ಒರ್ತೆಗಾ ಈ ಕೋಶಗಳನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಮೈ, ಸುತ್ತಲೂ ಒಣಗಿದ ಕಡ್ಡಿಗಳಂಥ ಸಣ್ಣ ಸಣ್ಣ ಕೈಗಳು. ಏನೂ ತೊಂದರೆ ಇಲ್ಲದಾಗ ಇವು ಮಲಗಿರುತ್ತವೆ ಎಂದೇ ಬಹಳ ಕಾಲ ಅಂದುಕೊಂಡಿದ್ದರು. 2005ರಲ್ಲಿ ಜೀವಂತ ಇಲಿಯ ಮೆದುಳಿನಲ್ಲಿ ಇವನ್ನು ನೇರವಾಗಿ ನೋಡಲು ಸಾಧ್ಯವಾಯಿತು. ಆಗ ಗೊತ್ತಾಯಿತು, ಇವು ಒಂದು ಗಳಿಗೆಯೂ ಸುಮ್ನೆ ಕೂರುವುದಿಲ್ಲ. ಮೈ ಇದ್ದಲ್ಲೇ ಇರುತ್ತದೆ, ಕೈಗಳು ಮಾತ್ರ ಸುತ್ತಲಿನ ಒಂದೊಂದು ಅಂಗುಲವನ್ನೂ ತಡವಿ ನೋಡುತ್ತಿರುತ್ತವೆ. ಸಣ್ಣ ಗಾಯವಾದರೆ ಕೆಲವೇ ನಿಮಿಷಗಳಲ್ಲಿ ಕೈಗಳೆಲ್ಲ ಆ ಕಡೆ ಚಾಚುತ್ತವೆ.

ಇವುಗಳ ಇನ್ನೊಂದು ಕೆಲಸ ನಿಮಗೆ ಬೇಗ ಅರ್ಥವಾಗುತ್ತದೆ: ಗಿಡಗಸಿ, ಅಂದರೆ ಗಿಡದ ಬೇಡದ ರೆಂಬೆ ಸವರುವುದು. ಮಗುವಿನ ಮೆದುಳಿನಲ್ಲಿ ನರಕೋಶಗಳ ನಡುವಿನ ಕೊಂಡಿಗಳು ಬೇಕಾದದ್ದಕ್ಕಿಂತ ಜಾಸ್ತಿ ಇರುತ್ತವೆ. ಬೇಡದ್ದನ್ನು ಕತ್ತರಿಸಿದರೇನೇ ಉಳಿದದ್ದು ಗಟ್ಟಿಯಾಗುವುದು. ಯಾವುದನ್ನು ತೆಗೆಯಬೇಕೋ ಅದಕ್ಕೆ ಸಿ1ಕ್ಯೂ, ಸಿ3 ಎಂಬ ಪ್ರೋಟೀನುಗಳ ಗುರುತು ಬೀಳುತ್ತದೆ. ಮೈಕ್ರೋಗ್ಲಿಯಾ ಬಂದು ಗುರುತಿದ್ದದ್ದನ್ನು ನುಂಗುತ್ತವೆ. ಅರೇಬಿಕಾ ಕಾಫಿ ತೋಟದಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಹಿಡಿದ ಗಿಡ ಹುಡುಕುವುದಿಲ್ಲವೇ? ಕಾಂಡದ ಮೇಲೆ ಏಣು ಎದ್ದಿದೆಯಾ ಎಂದು ನೋಡಿ, ಗುರುತು ಹಾಕಿಕೊಂಡು ಹೋಗುತ್ತಾರೆ. ಹಿಂದಿನಿಂದ ಬರುವವರು ಕಿತ್ತು ಸುಡುತ್ತಾರೆ. ಗುರುತು ಹಾಕುವವನ ಕಣ್ಣು ಮಂಜಾದರೆ ಏನಾಗುತ್ತದೆ ಯೋಚಿಸಿ. ಈ ಮಾತಿಗೆ ಅತ್ತೆಯ ವಿಷಯ ಬಂದಾಗ ವಾಪಸ್ ಬರುತ್ತೇನೆ.

ಮೊದಲು ಮಗನದ್ದು.

ಮಡಿಕೇರಿಯಲ್ಲಿ ಮಳೆಗಾಲದ ಮಧ್ಯಾಹ್ನ ಕರೆಂಟ್ ಹೋದಾಗ ನಾವು ಸ್ಕ್ಯಾನ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇವೆ. ನಿಮ್ಮ ಮಗನ ಫಿಲ್ಮ್ ನಾನು ನೋಡಿಲ್ಲ, ಆದರೆ ಅಂಥವನ್ನು ಬೇಕಾದಷ್ಟು ನೋಡಿದ್ದೇನೆ. ಬೂದು ಬಣ್ಣದ ಮೆದುಳಿನ ಅಂಚಿನಲ್ಲಿ ಬಿಳಿಯ ಪುಟ್ಟ ಉಂಗುರ. ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು ಅನ್ನಿ. ಅದೃಷ್ಟವಿದ್ದರೆ ಉಂಗುರದ ಒಳಗೆ ಒಂದು ಚುಕ್ಕೆ. ಅದು ಹುಳದ ತಲೆ. ಉಂಗುರದ ಸುತ್ತ ಕಪ್ಪಗೆ ಹರಡಿಕೊಂಡ ನೆರಳು, ಅದು ಊತ. ಎಲ್ಲರೂ ಉಂಗುರವನ್ನೇ ನೋಡಿ ಹೆದರುತ್ತಾರೆ. ಫಿಟ್ಸ್ ತರಿಸುವುದು ಬಹುಪಾಲು ಆ ನೆರಳು.

ಇದು ಲಾಡಿಹುಳುವಿನ ಮರಿ. ಇದರ ಸ್ವಭಾವ ವಿಚಿತ್ರ. ಜೀವ ಇರುವ ತನಕ ತನ್ನ ಸುತ್ತ ನೀರಿನ ಗುಳ್ಳೆ ಕಟ್ಟಿಕೊಂಡು, ನಮ್ಮ ಕಾವಲಿನವರ ಕಣ್ಣಿಗೆ ಮಣ್ಣೆರಚಿ ವರ್ಷಗಟ್ಟಲೆ ತೆಪ್ಪಗಿರುತ್ತದೆ. ಎಷ್ಟೋ ಜನರಿಗೆ ಆಗ ಏನೂ ಆಗುವುದಿಲ್ಲ. ತೊಂದರೆ ಶುರುವಾಗುವುದು ಅದು ಸಾಯುವಾಗ. ಗುಳ್ಳೆ ಸೋರುತ್ತದೆ, ಒಳಗಿದ್ದ ಪ್ರೋಟೀನು ಹೊರಗೆ ಬರುತ್ತದೆ, ಇಷ್ಟು ವರ್ಷ ಮೋಸಹೋಗಿದ್ದ ಮೈಕ್ರೋಗ್ಲಿಯಾ ಮತ್ತು ರಕ್ತದ ಬಿಳಿಕೋಶಗಳು ಒಮ್ಮೆಲೇ ಮೇಲೆ ಬೀಳುತ್ತವೆ. ಆ ಗಲಾಟೆಯಲ್ಲಿ ಪಕ್ಕದ ನರಕೋಶಗಳು ಸಿಕ್ಕಿಹಾಕಿಕೊಳ್ಳುತ್ತವೆ. ಎಡಭಾಗದಲ್ಲಿ ಕೈಯನ್ನು ಆಡಿಸುವ ಜಾಗದ ಹತ್ತಿರ ಇದು ನಡೆದರೆ ಬಲಗೈ ಎಳೆಯುತ್ತದೆ. ನೀವು ಬರೆದಿರುವುದೂ ಅದನ್ನೇ.

ಈಗ ಸ್ಟಿರಾಯ್ಡ್ ಯಾಕೆ ಕೊಟ್ಟರು ಎಂದು ಹೇಳಬಹುದು. ಹುಳದ ಮಾತ್ರೆ ಆಲ್ಬೆಂಡಜೋಲ್ ಹುಳವನ್ನು ಬೇಗ ಕೊಲ್ಲುತ್ತದೆ. ಬೇಗ ಸತ್ತರೆ ಗಲಾಟೆಯೂ ಜೋರು. ಬರೀ ಹುಳದ ಮಾತ್ರೆ ಕೊಟ್ಟರೆ ಆ ದಿನಗಳಲ್ಲೇ ಫಿಟ್ಸ್, ತಲೆನೋವು ಜಾಸ್ತಿಯಾಗಬಹುದು. ಹಾಗಾಗಿ ಒಂದೆರಡು ವಾರ ಸ್ಟಿರಾಯ್ಡಿನಿಂದ ಕಾವಲಿನವರ ಕೈ ಹಿಡಿದು ನಿಲ್ಲಿಸುತ್ತಾರೆ. ಶತ್ರು ಯಾರೆಂದು ಗೊತ್ತು, ಎಲ್ಲಿದ್ದಾನೆ ಗೊತ್ತು, ಕೆಲಸ ಎಷ್ಟು ದಿನದ್ದು ಎಂದೂ ಗೊತ್ತು. ಇಂಥ ಕಡೆ ಉರಿಯೂತ ತಗ್ಗಿಸುವ ಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ.

ನಮ್ಮ ದೇಶದಲ್ಲಿ ಈ ಉಂಗುರದ ಕಥೆ ತಿಳಿಯಲು ತುಂಬ ಕಾಲ ಹಿಡಿಯಿತು. ಸಿಟಿ ಸ್ಕ್ಯಾನ್ ಬಂದ ಹೊಸದರಲ್ಲಿ ಇದನ್ನು ಕ್ಷಯದ ಗಂಟು ಎಂದೇ ತಿಳಿದು ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡುತ್ತಿದ್ದರು. ಉಂಗುರ ಮಾಯವಾದಾಗ ‘ನೋಡಿ, ಟಿಬಿ ಮಾತ್ರೆಯಿಂದ ಹೋಯಿತು’ ಎನ್ನುತ್ತಿದ್ದರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾ. ವಿ. ರಾಜಶೇಖರ್ ಮತ್ತು ಅವರ ಜೊತೆಯವರು 1980ರ ದಶಕದ ಕೊನೆಯ ಹೊತ್ತಿಗೆ ಇಂಥ ಗಂಟುಗಳನ್ನು ತೆಗೆದು ಪರೀಕ್ಷೆ ಮಾಡಿದಾಗ ಒಳಗೆ ಇದ್ದದ್ದು ಲಾಡಿಹುಳುವಿನ ಮರಿ. ಅದೂ ಆಗಲೇ ಸಾಯುತ್ತಿದ್ದ ಮರಿ. ಎಷ್ಟೋ ಉಂಗುರಗಳು ತಾವಾಗಿಯೇ ಕರಗುತ್ತಿದ್ದವು, ಹೆಸರು ಮಾತ್ರ ಟಿಬಿ ಮಾತ್ರೆಗೆ ಹೋಗುತ್ತಿತ್ತು.

ಇನ್ನು ಹಂದಿ ಮಾಂಸ. ಕೊಡಗಿನಲ್ಲಿ ಕೂತು ಈ ಪ್ರಶ್ನೆಗೆ ಉತ್ತರ ಬರೆಯುವುದು ಧೈರ್ಯದ ಕೆಲಸ! ಆದರೆ ಇಲ್ಲಿ ಪಂದಿ ಕರಿಯ ಮೇಲೆ ಅನ್ಯಾಯವಾಗಿ ಆಪಾದನೆ ಬರುತ್ತಿದೆ, ಅದನ್ನು ಬಿಡಿಸಿ ಹೇಳಬೇಕು. ಸರಿಯಾಗಿ ಬೇಯದ, ಹುಳದ ಗುಳ್ಳೆ ಇರುವ ಮಾಂಸ ತಿಂದರೆ ಮನುಷ್ಯನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಉದ್ದ ಎರಡು ಮೀಟರಿನಿಂದ ಏಳು ಮೀಟರ್ ತನಕ. ಇದು ಹೊಟ್ಟೆಯ ಹುಳ, ಮೆದುಳಿನದ್ದಲ್ಲ. ಆ ಮನುಷ್ಯನ ಮಲದಲ್ಲಿ ಸಾವಿರಾರು ಮೊಟ್ಟೆ ಹೊರಬರುತ್ತವೆ. ಆ ಮೊಟ್ಟೆ ಕೈಯಿಂದಲೋ, ನೀರಿನಿಂದಲೋ, ತೊಳೆಯದ ಸೊಪ್ಪಿನಿಂದಲೋ ಇನ್ನೊಬ್ಬರ ಬಾಯಿಗೋ ಅವರದ್ದೇ ಬಾಯಿಗೋ ಹೋದಾಗ ಮಾತ್ರ ಮರಿ ರಕ್ತ ಸೇರಿ ಮೆದುಳಿಗೆ ಹೋಗುತ್ತದೆ. ಅಂದರೆ ನಿಮ್ಮ ಮಗ ತಿಂದದ್ದು ಮಾಂಸದ ಹುಳವನ್ನಲ್ಲ, ಯಾರದೋ ಕೈಯಿಂದ ಬಂದ ಮೊಟ್ಟೆಯನ್ನು. ಜನ್ಮದಲ್ಲಿ ಮಾಂಸ ಮುಟ್ಟದವರಲ್ಲೂ ನಾವು ಈ ಉಂಗುರ ನೋಡುತ್ತೇವೆ.

ನಂಬಿಕೆ ಬರದಿದ್ದರೆ ನ್ಯೂಯಾರ್ಕಿನ ಕಥೆ ಕೇಳಿ. ಅಲ್ಲಿ ಹಂದಿ ಮಾಂಸವನ್ನು ಧರ್ಮದ ಕಾರಣಕ್ಕೆ ಮನೆಯೊಳಗೇ ಬಿಟ್ಟುಕೊಳ್ಳದ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಿಗೆ ಮೆದುಳಿನಲ್ಲಿ ಇದೇ ಹುಳ ಸಿಕ್ಕಿತು. 1992ರಲ್ಲಿ ಇದರ ವರದಿ ಬಂತು. ಹುಡುಕಿಕೊಂಡು ಹೋದಾಗ ಅಂಥ ಮನೆಗಳಲ್ಲಿ ಕೆಲಸಕ್ಕಿದ್ದವರೊಬ್ಬರ ಹೊಟ್ಟೆಯಲ್ಲಿ ಲಾಡಿಹುಳು ಇತ್ತು. ಇದನ್ನು ಓದಿ ತಕ್ಷಣ ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರ ಕಡೆ ಬೆರಳು ತೋರಿಸಬೇಡಿ. ಲಾಡಿಹುಳು ಯಾರ ಹೊಟ್ಟೆಯಲ್ಲೂ ಇರಬಹುದು, ನಿಮ್ಮ ಮನೆಯವರ ಹೊಟ್ಟೆಯಲ್ಲೂ. ಮನೆಯ ಎಲ್ಲರೂ, ಅಡುಗೆಗೆ ಸಹಾಯ ಮಾಡುವವರೂ ಒಮ್ಮೆ ಮಲ ಪರೀಕ್ಷೆ ಮಾಡಿಸಿ. ಇದ್ದರೆ ಮಾತ್ರೆಯಲ್ಲಿ ಹೋಗುತ್ತದೆ. ಲೈನ್ ಮನೆಗಳಿಗೆ ನೀರು ಬರುವ ಕಕ್ಕಸು ಇದೆಯಾ ನೋಡಿ. ಇಲ್ಲದಿದ್ದರೆ ಬೆರಳು ತಿರುಗಬೇಕಾದದ್ದು ತೋಟದ ಯಜಮಾನರ ಕಡೆಗೆ. ಗೂಡಿನಲ್ಲಿ ಸಾಕಿದ, ಬಯಲಲ್ಲಿ ಮಲ ತಿನ್ನದ ಹಂದಿಗೆ ಈ ಹುಳ ಹತ್ತುವುದಿಲ್ಲ. ಒಳಗಿನ ತನಕ ಬೆಂದ ಮಾಂಸದಲ್ಲಿ ಹುಳ ಬದುಕುವುದೂ ಇಲ್ಲ. ಕಾಚಂಪುಳಿ ಹಾಕಿ ಹೊತ್ತುಗಟ್ಟಲೆ ಬೇಯಿಸಿದ ಕರಿಗೆ ನನ್ನ ತಕರಾರಿಲ್ಲ. ಬೆಂಕಿ ಹಾಕಿಕೊಂಡು ಕೂತು, ಮೇಲೆ ಕಂದಿ ಒಳಗೆ ಹಸಿ ಇರುವ ತುಂಡನ್ನು ಗ್ಲಾಸಿನ ಜೊತೆ ಬಾಯಿಗೆ ಹಾಕುವುದಕ್ಕೆ ಇದೆ.

ಈ ಹುಳ ಹರಡಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆ ರೋಗದ ನೂರರಲ್ಲಿ 30 ಪ್ರಕರಣಕ್ಕೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದದ್ದಕ್ಕೆ ಬೇರೆ ಬೇರೆ ಕಾರಣ. ಅಲ್ಲಿ ಉರಿಯೂತ ಏನು ಮಾಡುತ್ತದೆ?

ಉರಿಯೂತ ಫಿಟ್ಸ್ ತರುತ್ತದೆ, ಫಿಟ್ಸ್ ಉರಿಯೂತ ತರುತ್ತದೆ. ಮಿಲಾನಿನ ಮಾರಿಯೊ ನೆಗ್ರಿ ಸಂಸ್ಥೆಯ ಅನ್ನಮರಿಯಾ ವೆಝಾನಿ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಒಂದು ಫಿಟ್ಸ್ ಆದರೆ ಸ್ವಲ್ಪ ಹೊತ್ತಿನಲ್ಲೇ ಮೈಕ್ರೋಗ್ಲಿಯಾ ಮತ್ತು ಅವುಗಳ ನೆರೆಯ ಆಸ್ಟ್ರೋಸೈಟ್ ಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ವಸ್ತುವನ್ನು ಬಿಡುತ್ತವೆ. ಅದು ನರಕೋಶದ ಬಾಗಿಲುಗಳನ್ನು ಸಡಿಲ ಮಾಡುತ್ತದೆ. ಕ್ಯಾಲ್ಸಿಯಂ ಜಾಸ್ತಿ ನುಗ್ಗುತ್ತದೆ. ಸಣ್ಣ ಕಿಡಿಗೂ ಕೋಶ ಹೊತ್ತಿಕೊಳ್ಳುತ್ತದೆ. ಇನ್ನೊಂದು ಫಿಟ್ಸಿಗೆ ದಾರಿ ಸಲೀಸಾಗುತ್ತದೆ. ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುವುದರ ಹಿಂದೆಯೂ ಈ ವಸ್ತುವಿನ ಕೈವಾಡ ಇದೆ. ಜೊತೆಗೆ ರಕ್ತ ಮತ್ತು ಮೆದುಳಿನ ನಡುವೆ ಒಂದು ಬೇಲಿ ಇದೆ. ಪೆಟ್ಟು ಬಿದ್ದಾಗ, ಸ್ಟ್ರೋಕ್ ಆದಾಗ, ದೀರ್ಘ ಫಿಟ್ಸ್ ಆದಾಗ ಆ ಬೇಲಿ ಸೋರುತ್ತದೆ. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಒಳಗೆ ಇಳಿದು ಆಸ್ಟ್ರೋಸೈಟುಗಳ ಕೆಲಸ ಕೆಡಿಸುತ್ತದೆ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತಲೆಗೆ ಜೋರು ಪೆಟ್ಟಾದವರಿಗೆ ಆರು ತಿಂಗಳು, ವರ್ಷ ಕಳೆದ ಮೇಲೆ ಫಿಟ್ಸ್ ಶುರುವಾಗುವುದು ಯಾಕೆ ಎಂಬುದಕ್ಕೆ ಇದು ಒಂದು ಉತ್ತರ. ಹೊರಗಿನ ಗಾಯ ಮಾಗಿರುತ್ತದೆ, ಒಳಗಿನ ಕೆಲಸ ನಡೆದೇ ಇರುತ್ತದೆ.

ಕೆಲವು ಅಪರೂಪದ ಮೂರ್ಛೆಗಳಲ್ಲಿ ಉರಿಯೂತವೇ ಮೂಲ. 1958ರಲ್ಲಿ ಮಾಂಟ್ರಿಯಲ್‌ನ ಥಿಯೋಡರ್ ರಾಸ್ಮುಸ್ಸೆನ್ ಮತ್ತು ಜೊತೆಗಾರರು ಮಕ್ಕಳ ಮೆದುಳಿನ ಒಂದೇ ಪಕ್ಕವನ್ನು ತಿನ್ನುತ್ತಾ ಹೋಗುವ ಉರಿಯೂತವನ್ನು ವಿವರಿಸಿದರು. 2007ರಲ್ಲಿ ಜೋಸೆಪ್ ದಲ್ಮಾವ್ ಅವರ ತಂಡ ಇನ್ನೊಂದನ್ನು ಬಿಡಿಸಿ ತೋರಿಸಿತು. ಅದರಲ್ಲಿ ರೋಗಿಯ ಸ್ವಂತ ರೋಗನಿರೋಧಕ ವಸ್ತುಗಳೇ ನರಕೋಶದ ಎನ್‌ಎಂಡಿಎ ಎಂಬ ಬಾಗಿಲುಗಳ ಮೇಲೆ ಬೀಳುತ್ತವೆ. ಚೆನ್ನಾಗಿದ್ದ ಹುಡುಗಿ ವಾರದೊಳಗೆ ಏನೇನೋ ಮಾತಾಡಲು ಶುರುಮಾಡುತ್ತಾಳೆ, ಆಮೇಲೆ ಫಿಟ್ಸ್. ಮನೆಯವರು ಮಾಟ ಅಂದುಕೊಂಡು ಅಲ್ಲಿ ಇಲ್ಲಿ ಅಲೆಯುವಷ್ಟರಲ್ಲಿ ದಿನ ಹೋಗಿರುತ್ತದೆ. ಬೇಗ ಹಿಡಿದರೆ ಸ್ಟಿರಾಯ್ಡ್ ಮತ್ತು ಅಂಥ ಚಿಕಿತ್ಸೆಯಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಹಸುಳೆಗಳಲ್ಲಿ ತಲೆ ಬಗ್ಗಿಸಿ ಬಗ್ಗಿಸಿ ನಮಸ್ಕಾರ ಮಾಡಿದಂತೆ ಬರುವ ಒಂದು ಫಿಟ್ಸ್ ಇದೆ. 1841ರಲ್ಲಿ ಇಂಗ್ಲೆಂಡಿನ ವೈದ್ಯ ಡಬ್ಲ್ಯು. ಜೆ. ವೆಸ್ಟ್ ಇದರ ಬಗ್ಗೆ ಮೊದಲು ಬರೆದರು. ಅವರು ವರ್ಣಿಸಿದ್ದು ತಮ್ಮ ಸ್ವಂತ ಮಗನನ್ನು, ಯಾರಿಗಾದರೂ ಮದ್ದು ಗೊತ್ತಿದ್ದರೆ ಹೇಳಿ ಎಂಬ ಆಸೆಯಿಂದ. ಮದ್ದು ಸಿಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1958ರಲ್ಲಿ ಎಸಿಟಿಎಚ್ ಎಂಬ ಹಾರ್ಮೋನು ಕೊಟ್ಟಾಗ ಮಕ್ಕಳು ಸುಧಾರಿಸಿದ್ದು ಕಂಡಿತು. ಇವತ್ತಿಗೂ ಆ ಹಾರ್ಮೋನು ಅಥವಾ ಸ್ಟಿರಾಯ್ಡ್ ಇದರ ಮುಖ್ಯ ಚಿಕಿತ್ಸೆ.

ಇವೆಲ್ಲ ಅಪರೂಪ. ಮಾಮೂಲಿ ಮೂರ್ಛೆ ರೋಗಕ್ಕೆ ಸ್ಟಿರಾಯ್ಡ್ ಕೊಡುವುದಿಲ್ಲ. ಅಂದ ಹಾಗೆ, ನಿಮ್ಮ ಊರ ಕಡೆ ಯಾರಿಗಾದರೂ ತಲೆಗೆ ಬಿಸಿನೀರು ಹುಯ್ಯುವಾಗಲೇ ಫಿಟ್ಸ್ ಬಂದರೆ ಅದು ಬೇರೆಯೇ ಜಾತಿ. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಬಿಸಿನೀರಿನ ಮೂರ್ಛೆ ಜಾಸ್ತಿ. ನಿಮ್ಹಾನ್ಸ್ ವೈದ್ಯರು ಅದರ ಬಗ್ಗೆ ಬಹಳ ಬರೆದಿದ್ದಾರೆ. ಹಂಡೆಯ ಕುದಿನೀರನ್ನು ಚೆಂಬಿನಲ್ಲಿ ಮೊಗೆದು ತಲೆಗೆ ಹುಯ್ದುಕೊಳ್ಳುವ ಅಭ್ಯಾಸ ಬಿಟ್ಟರೇ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ.

ಈಗ ಅತ್ತೆಯ ವಿಷಯ.

1906ರಲ್ಲಿ ಜರ್ಮನಿಯ ಅಲೋಯಿಸ್ ಆಲ್ಝೈಮರ್ ಒಬ್ಬ ಮಹಿಳೆಯ ಮೆದುಳನ್ನು ಸೀಳಿ ನೋಡಿ ವಿವರಿಸಿದರು. ಕೋಶಗಳ ನಡುವೆ ಗಡ್ಡೆ, ಕೋಶಗಳ ಒಳಗೆ ಗಂಟುಗಟ್ಟಿದ ನೂಲು. ಗಡ್ಡೆ ಅಮಿಲಾಯ್ಡ್ ಎಂಬ ಪ್ರೋಟೀನಿನದು, ನೂಲು ಟಾವ್ ಎಂಬುದರದ್ದು. ಗಡ್ಡೆಗಳ ಸುತ್ತ ಮೈಕ್ರೋಗ್ಲಿಯಾ ಮುತ್ತಿಕೊಂಡಿರುತ್ತವೆ. ಬಹಳ ವರ್ಷ ಇವನ್ನು ಹೆಣದ ಸುತ್ತ ಸೇರಿದ ಹದ್ದುಗಳು ಎಂದೇ ತಿಳಿದಿದ್ದರು. ಸತ್ತ ಮೇಲೆ ಬಂದವು, ಸಾವಿಗೆ ಕಾರಣ ಅಲ್ಲ, ಅಷ್ಟೇ.

2013ರಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಟ್ರೆಮ್-2 ಎಂಬ ಜೀನಿನಲ್ಲಿ ಒಂದು ಅಪರೂಪದ ವ್ಯತ್ಯಾಸ ಇದ್ದವರಿಗೆ ಆಲ್ಝೈಮರ್ ಬರುವ ಸಾಧ್ಯತೆ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಎಂದು ಐಸ್‌ಲ್ಯಾಂಡಿನ ತಂಡವೂ ಇನ್ನೊಂದು ತಂಡವೂ ಒಟ್ಟಿಗೆ ತೋರಿಸಿದವು. ಮೆದುಳಿನಲ್ಲಿ ಈ ಜೀನು ಕೆಲಸ ಮಾಡುವುದು ಮೈಕ್ರೋಗ್ಲಿಯಾ ಒಳಗೆ. ಹಾಗಾದರೆ ಕಾವಲಿನವರು ಸುಮ್ನೆ ನೋಡಲು ಬಂದವರಲ್ಲ. ಸ್ವಾರಸ್ಯ ಇರುವುದು ಮುಂದೆ. ಆ ವ್ಯತ್ಯಾಸ ಮೈಕ್ರೋಗ್ಲಿಯಾವನ್ನು ಉಗ್ರ ಮಾಡುವುದಿಲ್ಲ, ಮಂಕು ಮಾಡುತ್ತದೆ. ಅವು ಗಡ್ಡೆಯ ಹತ್ತಿರ ಸರಿಯಾಗಿ ಹೋಗುವುದಿಲ್ಲ, ಸುತ್ತ ಗೋಡೆ ಕಟ್ಟುವುದಿಲ್ಲ. ಕಾವಲು ಕಡಿಮೆಯಾದರೆ ಕಾಯಿಲೆ ಜಾಸ್ತಿ!

ನಿಮ್ಮ ಪ್ರಶ್ನೆಗೆ ಗಂಟು ಬಿಚ್ಚುವುದು ಇಲ್ಲೇ. ಮಗನ ಮೆದುಳಿನಲ್ಲಿ ಕಾವಲಿನವರು ಅತಿಯಾಗಿ ಎಗರಾಡುತ್ತಿದ್ದರು, ಹಿಡಿದು ನಿಲ್ಲಿಸಿದರೆ ಸಾಕಿತ್ತು. ಅತ್ತೆಯ ಮೆದುಳಿನಲ್ಲಿ ಅವರು ಒಂದು ಕಡೆ ಗಡ್ಡೆಗೆ ಬೇಲಿ ಹಾಕುತ್ತಿದ್ದಾರೆ. ಇನ್ನೊಂದು ಕಡೆ, ಆಗಲೇ ಹೇಳಿದೆನಲ್ಲ, ಗುರುತು ಹಾಕುವವನ ಕಣ್ಣು ಮಂಜಾಗಿದೆ. 2016ರಲ್ಲಿ ಇಲಿಗಳಲ್ಲಿ ಮಾಡಿದ ಪ್ರಯೋಗದಲ್ಲಿ, ಗಡ್ಡೆ ಕಟ್ಟುವ ಮೊದಲೇ ಒಳ್ಳೆಯ ಕೊಂಡಿಗಳ ಮೇಲೆ ಆ ಸಿ1ಕ್ಯೂ ಗುರುತು ಬಿದ್ದು, ಮೈಕ್ರೋಗ್ಲಿಯಾ ಅವನ್ನು ನುಂಗುವುದು ಕಂಡಿತು. ಒಂದೇ ಆಳು, ಒಂದೇ ದಿನ, ಒಂದು ಕೈಯಲ್ಲಿ ಬೇಲಿ, ಇನ್ನೊಂದು ಕೈಯಲ್ಲಿ ಒಳ್ಳೆಯ ಗಿಡ ಕೀಳುವ ಕೆಲಸ. ಸ್ಟಿರಾಯ್ಡ್ ಎರಡೂ ಕೈ ಕಟ್ಟಿಹಾಕುತ್ತದೆ. ಅದಲ್ಲದೆ 76ರ ವಯಸ್ಸಿನಲ್ಲಿ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ನಿದ್ದೆ ಕೆಡುತ್ತದೆ. ಇನ್ನೂ ಬೇಕೇ?

ನೋವಿನ ಮಾತ್ರೆಗಳ ಕಥೆಯೂ ಇದೇ. ಸಂಧಿವಾತಕ್ಕೆ ವರ್ಷಗಟ್ಟಲೆ ಅಂಥ ಮಾತ್ರೆ ನುಂಗಿದವರಲ್ಲಿ ಆಲ್ಝೈಮರ್ ಕಡಿಮೆ ಎಂದು 1990ರ ದಶಕದಲ್ಲಿ ಕಂಡಾಗ ಎಲ್ಲರಿಗೂ ಆಸೆ ಹುಟ್ಟಿತ್ತು. ಮನೆಯಲ್ಲಿ ಈ ಕಾಯಿಲೆ ಇದ್ದ, 70 ದಾಟಿದವರಿಗೆ ನೆಪ್ರಾಕ್ಸೆನ್ ಮತ್ತು ಸೆಲೆಕಾಕ್ಸಿಬ್ ಕೊಟ್ಟು ನೋಡಿದರು. ಹೃದಯಕ್ಕೆ ಅಪಾಯವಿದೆ ಎಂಬ ಆತಂಕದಿಂದ 2004ರ ಡಿಸೆಂಬರಿನಲ್ಲಿ ಮಾತ್ರೆ ನಿಲ್ಲಿಸಬೇಕಾಯಿತು. ಮರೆವಿನಿಂದ ರಕ್ಷಣೆ ಮಾತ್ರ ಸಿಗಲಿಲ್ಲ.

ಅರಿಶಿನದ ಕ್ಯಾಪ್ಸೂಲ್ ಬಗ್ಗೆ ಜಾಸ್ತಿ ಬರೆಯಲು ಇಷ್ಟವಿಲ್ಲ. ಅದರ ಕರ್ಕ್ಯುಮಿನ್ ಅನ್ನು ಆಲ್ಝೈಮರ್ ರೋಗಿಗಳಿಗೆ 24 ವಾರ ಕೊಟ್ಟು ನೋಡಿದ್ದಾರೆ, ಉಪಯೋಗ ಕಂಡಿಲ್ಲ. ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಕಷ್ಟ. ಅದಕ್ಕೆಂದು ಕ್ಯಾಪ್ಸೂಲಿನಲ್ಲಿ ಕಾಳುಮೆಣಸಿನ ಸತ್ವ ಪೈಪರಿನ್ ಬೆರೆಸುತ್ತಾರೆ. ಫಿನಿಟಾಯಿನ್ ಎಂಬ ಫಿಟ್ಸ್ ಮಾತ್ರೆ ನುಂಗುವವರ ರಕ್ತದಲ್ಲಿ ಆ ಮಾತ್ರೆಯ ಮಟ್ಟವನ್ನು ಪೈಪರಿನ್ ಏರಿಸುತ್ತದೆ. ಆಗ ತಲೆ ಸುತ್ತು, ನಡಿಗೆ ತೂರಾಟ. ಸಾರಿಗೆ ಹಾಕುವ ಅರಿಶಿನ, ಮೆಣಸು ಬೇರೆ ಮಾತು, ಅದನ್ನು ಯಾರು ಬೇಡ ಅಂದರು?

ಅತ್ತೆಯ ಉರಿಯೂತಕ್ಕೆ ನಿಜವಾಗಿ ಸಂಬಂಧಪಟ್ಟ ಒಂದು ಸಂಗತಿ ಇದೆ. ಇದನ್ನು ದಯವಿಟ್ಟು ನೆನಪಿಡಿ. ಮರೆವಿನ ಕಾಯಿಲೆ ಇರುವವರ ಮೈಕ್ರೋಗ್ಲಿಯಾ ತುದಿಗಾಲಿನಲ್ಲಿ ನಿಂತಿರುತ್ತವೆ. ಮೈಯ ಬೇರೆಲ್ಲೋ ಸೋಂಕಾದರೆ ಸಾಕು, ಮೂತ್ರದಲ್ಲೋ ಎದೆಯಲ್ಲೋ ಹಲ್ಲಿನ ಬುಡದಲ್ಲೋ, ಆ ಸುದ್ದಿ ರಕ್ತದ ಮೂಲಕ ಮೆದುಳಿಗೆ ಮುಟ್ಟುತ್ತದೆ, ಅಲ್ಲೂ ಉರಿ ಏಳುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯರು 2009ರಲ್ಲಿ ತೋರಿಸಿದ್ದು ಇದನ್ನೇ: ಇಂಥ ಸೋಂಕು ಅಥವಾ ಪೆಟ್ಟು ಆದವರಲ್ಲಿ ಮುಂದಿನ ಆರು ತಿಂಗಳಲ್ಲಿ ಮರೆವು ಏರುವ ವೇಗ ಸುಮಾರು ಎರಡು ಪಟ್ಟಾಗಿತ್ತು. ನಿನ್ನೆಯವರೆಗೆ ನಿಮ್ಮನ್ನು ಗುರುತಿಸುತ್ತಿದ್ದ ಅತ್ತೆ ಇವತ್ತು ಇದ್ದಕ್ಕಿದ್ದಂತೆ ಕಂಗಾಲಾಗಿ, ರಾತ್ರಿ ಎದ್ದು ‘ನನ್ನ ಮನೆಗೆ ಹೋಗಬೇಕು’ ಎಂದು ಬಾಗಿಲು ಎಳೆಯುತ್ತಿದ್ದರೆ ಕಾಯಿಲೆ ಬೆಳೆಯಿತು ಎಂದು ಸುಮ್ಮನಾಗಬೇಡಿ. ವಯಸ್ಸಾದವರಿಗೆ ಸೋಂಕಾದರೂ ಜ್ವರ ಬಾರದೇ ಇರಬಹುದು. ಮೂತ್ರ ಪರೀಕ್ಷೆ ಮಾಡಿಸಿ, ಎದೆ ನೋಡಿಸಿ, ಮಲಬದ್ಧತೆ ಇದೆಯಾ ಕೇಳಿ.

ಸರ್ಪಸುತ್ತಿನ ಲಸಿಕೆಯ ಸುದ್ದಿ ಓದಿರಬಹುದು. ವೇಲ್ಸ್‌ನಲ್ಲಿ 2013ರ ಸೆಪ್ಟೆಂಬರಿನಿಂದ ಈ ಲಸಿಕೆ ಕೊಡುವಾಗ, 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಎಂದು ಗೆರೆ ಎಳೆದಿದ್ದರು. ಒಂದು ವಾರ ಮೊದಲು ಹುಟ್ಟಿದವರಿಗೆ ಇಲ್ಲ, ಒಂದು ವಾರ ಆಮೇಲೆ ಹುಟ್ಟಿದವರಿಗೆ ಉಂಟು. ಬೇರೆ ಯಾವ ವ್ಯತ್ಯಾಸವೂ ಇಲ್ಲದ ಎರಡು ಗುಂಪು ತಾನಾಗಿಯೇ ಸಿಕ್ಕಿತು. ಏಳು ವರ್ಷದ ನಂತರ ಲಸಿಕೆ ತೆಗೆದುಕೊಂಡವರಲ್ಲಿ ಮರೆವಿನ ಕಾಯಿಲೆ ನೂರಕ್ಕೆ 20ರಷ್ಟು ಕಡಿಮೆ ಇತ್ತು ಎಂದು 2025ರಲ್ಲಿ ವರದಿ ಬಂತು. ಅದು ಹಳೆಯ ಮಾದರಿಯ ಲಸಿಕೆ. ಈಗ ನಮ್ಮಲ್ಲಿ ಸಿಗುವುದು ಎರಡು ಡೋಸಿನ ಹೊಸದು, ದುಬಾರಿ. ಈಗಾಗಲೇ ಮರೆವು ಬಂದ ಅತ್ತೆಗೆ ನೆನಪು ವಾಪಸ್ ಬರಲೆಂದು ಕೊಡಿಸಬೇಡಿ. ಸರ್ಪಸುತ್ತಿನ ಆ ಉರಿ ನೋವು ತಪ್ಪಲಿ ಎಂದಾದರೆ ಸರಿ. ನಿಮಗೂ ನಿಮ್ಮ ಯಜಮಾನರಿಗೂ 50 ದಾಟಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ.

ಇಬ್ಬರದ್ದೂ ಒಂದೇ ಕಾಯಿಲೆಯಾ ಎಂದು ಕೇಳಿದ್ದೀರಿ. ಅಲ್ಲ. ಹುಳ ವಂಶದಲ್ಲಿ ಬರುವುದಿಲ್ಲ. ಒಂದು ಗುಳ್ಳೆ ಬಂದು ಕರಗಿದ ಹುಡುಗನಿಗೆ ಅದರಿಂದ ಮುಂದೆ ಅಜ್ಜಿಯ ಕಾಯಿಲೆ ಬರುತ್ತದೆ ಎಂಬ ಹೆದರಿಕೆ ಬೇಡ. ಆದರೆ ಎರಡು ಕಾಯಿಲೆಗಳ ನಡುವೆ ಒಂದು ಒಳದಾರಿ ಇದೆ. ಆಲ್ಝೈಮರ್ ಇರುವವರಲ್ಲಿ ಫಿಟ್ಸ್ ಸಾಧ್ಯತೆ ಜಾಸ್ತಿ. 2016ರಲ್ಲಿ ಅಮೆರಿಕದ ಒಂದು ತಂಡ ಫಿಟ್ಸ್ ಇಲ್ಲದ ಆಲ್ಝೈಮರ್ ರೋಗಿಗಳಿಗೆ ರಾತ್ರಿಯಿಡೀ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಯಂತ್ರ, ಇಟ್ಟು ನೋಡಿದಾಗ ನೂರಕ್ಕೆ 42 ಜನರಲ್ಲಿ ಸದ್ದಿಲ್ಲದ ಕಿಡಿಗಳು ಕಂಡವು. ಅದೇ ವಯಸ್ಸಿನ ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು 10. ಕಿಡಿ ಇದ್ದವರ ಮರೆವು ಬೇಗ ಏರಿತು. ಹಾಗಾಗಿ ಅತ್ತೆ ಮಾತಿನ ಮಧ್ಯೆ ಅರ್ಧ ನಿಮಿಷ ಶೂನ್ಯ ನೋಡುತ್ತಾ ಕೂತರೆ, ಬಾಯಿ ಚಪ್ಪರಿಸಿದರೆ, ಸೆರಗನ್ನು ಸುಮ್ನೆ ಹಿಸುಕುತ್ತಿದ್ದರೆ, ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಬಾಯಲ್ಲಿ ವಿವರಿಸುವುದಕ್ಕಿಂತ ಅದು ನಮಗೆ ಹತ್ತು ಪಟ್ಟು ಉಪಯೋಗ.

ಕೊನೆಗೆ ಮಗನ ಮಾತ್ರೆ. ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ನಿಲ್ಲದ ಫಿಟ್ಸ್ ಬರುವ ಅಪಾಯ ಇದೆ. ನಿಲ್ಲಿಸುವ ಹೊತ್ತನ್ನು ಇನ್ನೊಂದು ಸ್ಕ್ಯಾನ್ ಹೇಳುತ್ತದೆ. ಉಂಗುರ ಪೂರ್ತಿ ಮಾಯವಾಗಿ, ಈ ಮಧ್ಯೆ ಫಿಟ್ಸೂ ಬಂದಿಲ್ಲ ಎಂದಾದರೆ ನಿಮ್ಮ ಡಾಕ್ಟರು ನಿಧಾನವಾಗಿ ಕಡಿಮೆ ಮಾಡುತ್ತಾ ನಿಲ್ಲಿಸಬಹುದು. ಉಂಗುರ ಹೋಗಿ ಸುಣ್ಣದ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೂ ಬಹುಕಾಲ ಬೇಕಾಗುತ್ತದೆ. ಆ ಚುಕ್ಕೆ ಸತ್ತ ಹುಳದ ಗೋರಿ ಇದ್ದಂತೆ, ಆದರೂ ಆಗೊಮ್ಮೆ ಈಗೊಮ್ಮೆ ಅದರ ಸುತ್ತ ಊತ ಏಳುವುದುಂಟು. ಅಲ್ಲಿಯ ತನಕ ಅವನನ್ನು ಕೆರೆಗೆ, ಹೊಳೆಗೆ ಒಬ್ಬನನ್ನೇ ಬಿಡಬೇಡಿ, ಮೆಣಸಿನ ಏಣಿ ಹತ್ತಿಸಬೇಡಿ. ಶಾಲೆ, ಆಟ, ಹಾಕಿ ಎಲ್ಲ ಇರಲಿ. ಮತ್ತೆ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಒಂದು ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ.

ಸ್ಕ್ಯಾನಿಗೆ ಹೋಗುವಾಗ ಹಳೆಯ ಫಿಲ್ಮ್ ತಪ್ಪದೆ ಒಯ್ಯಿರಿ. ಹೊಸದರ ಪಕ್ಕ ಹಳೆಯದನ್ನು ಹಿಡಿದು ನೋಡಿದರೇನೇ ಉಂಗುರ ಕರಗಿದೆಯಾ, ಚುಕ್ಕೆ ಉಳಿದಿದೆಯಾ ಎಂದು ಸರಿಯಾಗಿ ತಿಳಿಯುವುದು. ನಮ್ಮ ಕಡೆಯ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡು ಬೂಸ್ಟು ಹಿಡಿಯುತ್ತವೆ. ಇವತ್ತೇ ಒಮ್ಮೆ ತೆಗೆದು, ನಡುವೆ ಕಾಗದ ಇಟ್ಟು, ಅಟ್ಟದ ಬೆಚ್ಚಗಿನ ಜಾಗಕ್ಕೆ ಸೇರಿಸಿ.